ಹೆಸರಿನ ಮಗ್ಗುಲು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಅದರಲ್ಲಿ ಒಂದು ಪ್ಲಾಸ್ಟಿಕ್ ಕವರು ತೂಗುತ್ತಿತ್ತು. ಅದರ ಹೊಟ್ಟೆಯೊಳಗೆ ಇನ್ನಷ್ಟು ಕವರು, ಅವುಗಳೊಳಗೆ ಮತ್ತಷ್ಟು. ತರಕಾರಿಯದು, ದಿನಸಿಯದು, ಬೇಕರಿಯದು, ಬಟ್ಟೆ ಅಂಗಡಿಯದು. ಬಾಗಿಲು ತೆರೆದಾಗಲೆಲ್ಲ ಅದು ಗೋಡೆಗೆ ಒತ್ತಿಕೊಂಡು ಸರಸರ ಸದ್ದು ಮಾಡುತ್ತಿತ್ತು. ಮೊದಮೊದಲು ನಾನು ಆ ಸದ್ದಿಗೆ ಬೆಚ್ಚಿ, ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡಿದ್ದುಂಟು. ಹೊಸ ಮನೆ, ಹೊಸ ಅತ್ತೆ; ಹೆದರುವುದಕ್ಕೆ ಅಷ್ಟು ಸಾಕಾಗಿತ್ತು.

ನಮ್ಮತ್ತೆಯ ಹೆಸರು ಸುಗುಣಮ್ಮ. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೆಟ್ಟವರೆಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ, ಬಾಯಿಗೆ ಹಿಡಿದು, ಕುಡಿಯುವವರೆಗೂ ಎದ್ದುಹೋಗದವರು ಅವರು. ಆದರೆ ಅವರ ತಲೆಯೊಳಗೆ ಸದಾಕಾಲ ನಾಲ್ಕು ಜನ ಕೂತಿರುತ್ತಿದ್ದರು. ಸೀರೆ ಉಟ್ಟರೆ ನಾಲ್ಕು ಜನ ಏನಂದಾರು, ಜೋರಾಗಿ ನಕ್ಕರೆ ನಾಲ್ಕು ಜನ ಏನಂದಾರು. ಆ ನಾಲ್ಕು ಜನರ ಹೆಸರು ಹೇಳು, ಒಂದು ದಿನ ಊಟಕ್ಕೆ ಕರೆದು ಇತ್ಯರ್ಥ ಮಾಡಿಕೊಂಡುಬಿಡೋಣ ಎಂದು ಮಾವ ಒಮ್ಮೆ ಕೇಳಿದ್ದರಂತೆ. ಅತ್ತೆ ಅದಕ್ಕೆ ನಗಲಿಲ್ಲವಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಗಾದೆಯನ್ನು ಅವರು ಉಪ್ಪು ಹಾಕಿದಷ್ಟು ಸಲೀಸಾಗಿ ಎಲ್ಲ ಮಾತಿಗೂ ಹಾಕುತ್ತಿದ್ದರು.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಕುಮುದ. ನನ್ನ ನಾದಿನಿ. ನನ್ನ ಯಜಮಾನರಿಗಿಂತ ಚಿಕ್ಕವಳು, ನನಗಿಂತ ತುಸು ದೊಡ್ಡವಳು. ನಮ್ಮ ಮದುವೆಯ ಫೋಟೋಗಳಲ್ಲಿ ಎಲ್ಲಿ ಹುಡುಕಿದರೂ ಆಕೆಯಿಲ್ಲ. ಇದ್ದೊಬ್ಬ ತಂಗಿ, ಅಣ್ಣನ ಮದುವೆಯಲ್ಲಿ ಕಳಸ ಹಿಡಿದು ಮುಂದೆ ನಿಲ್ಲಬೇಕಾದವಳು. ಅಂದು ಕಳಸ ಹಿಡಿದದ್ದು ಯಾರೋ ದೂರದ ಸಂಬಂಧದ ಹುಡುಗಿ. ಕುಮುದ ಛತ್ರದ ಉಗ್ರಾಣದಲ್ಲಿ ಕೂತು ಬೆಲ್ಲ, ತುಪ್ಪ, ಬಾಳೆಲೆ ತೆಗೆದುಕೊಡುತ್ತಿದ್ದಳಂತೆ. ಈ ಮನೆಗೆ ಬಂದಮೇಲೂ ನಾನು ನೋಡಿದ್ದು ಅದನ್ನೇ. ನೆಂಟರು ಬಾಗಿಲಿಗೆ ಬಂದರೆ ಅತ್ತೆ ಕಣ್ಣಲ್ಲೇ ಒಂದು ಸನ್ನೆ ಮಾಡುವರು, ಕುಮುದ ಎದ್ದು ಒಳಕೋಣೆಗೆ ಹೋಗುವಳು. ಕೇಳಿದವರಿಗೆ, ಅವಳು ಸೋದರತ್ತೆ ಮನೆಗೆ ಹೋಗಿದ್ದಾಳೆ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಏನೋ ನಡೆದಿದೆಯೆಂದು ನನಗೆ ಗೊತ್ತಾಗುತ್ತಿತ್ತು. ಏನೆಂದು ಕೇಳುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ.

ಕುಮುದ ಪಕ್ಕದ ಬಡಾವಣೆಯ ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮುಂಬಾಗಿಲಿನಿಂದ ಹೊರಟು ಮಾರ್ಕೆಟ್ ರಸ್ತೆ ಹಿಡಿದರೆ ಅದು ನೇರದ ದಾರಿ. ಆದರೆ ಆಕೆ ಹಿತ್ತಿಲ ಬಾಗಿಲಿನಿಂದ ಇಳಿದು, ಮೋರಿಯ ಪಕ್ಕದ ಓಣಿಯಲ್ಲಿ ಸೀರೆ ಎತ್ತಿಹಿಡಿದು ಸುತ್ತು ಬಳಸಿ ಹೋಗುತ್ತಿದ್ದಳು. ಅದು ಅತ್ತೆ ಹಾಕಿಕೊಟ್ಟ ದಾರಿ. ಮಾರ್ಕೆಟ್ ರಸ್ತೆಯಲ್ಲಿ ಗೊತ್ತಿರುವ ಜನ ಜಾಸ್ತಿ, ಸುಮ್ಮನೆ ಯಾಕೆ ಎನ್ನುತ್ತಿದ್ದರು. ಕುಮುದ ಎದುರಾಡಿದ್ದನ್ನು ನಾನು ಕೇಳಿದ್ದಿಲ್ಲ. ತಲೆ ತಗ್ಗಿಸಿ ನಡೆದು ನಡೆದು ಆಕೆಯ ಕುತ್ತಿಗೆಯೇ ಹಾಗೆ ನಿಂತುಬಿಟ್ಟಿತ್ತು.

ಆ ವರ್ಷದ ಮೊದಲ ದೊಡ್ಡ ಮಳೆಗೆ ಹಿತ್ತಿಲ ಮೋರಿ ಕಟ್ಟಿಕೊಂಡಿತು. ಕೊಚ್ಚೆ ನೀರು ಅಡುಗೆಮನೆಗೆ ನುಗ್ಗಿ, ಅಕ್ಕಿ ಡಬ್ಬಿಯ ಬುಡ ಮುಟ್ಟಿ, ದೇವರ ಗೂಡಿನ ಕೆಳಗೆ ನಿಂತಿತು. ಮಾರನೆಯ ದಿನ ಮೋರಿ ಬಿಡಿಸಲು ಬಂದವರು ಸಲಿಕೆಯಲ್ಲಿ ಎಳೆದೆಳೆದು ಓಣಿಯಲ್ಲಿ ಒಂದು ಗುಡ್ಡೆ ಹಾಕಿದರು. ಬರೀ ಪ್ಲಾಸ್ಟಿಕ್ ಕವರು. ಅತ್ತೆ ಹಿತ್ತಿಲ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ಈ ಬೀದಿಯ ಜನಕ್ಕೆ ಮಾನ ಮರ್ಯಾದೆ ಇಲ್ಲವೆಂದು, ತಿನ್ನುವುದು ಅನ್ನವೋ ಮತ್ತೊಂದೋ ಎಂದು, ಎಲ್ಲರಿಗೂ ಕೇಳುವ ಹಾಗೆ ಬೈದರು. ಬೈಯುತ್ತಿದ್ದವರು ನಡುವೆಯೇ ನಿಲ್ಲಿಸಿದರು.

ನನಗೆ ಕಾರಣ ಆಗಲೇ ತಿಳಿಯಿತು. ಅಡುಗೆಮನೆಯ ಕಸ ಕಟ್ಟುವಾಗ ಅತ್ತೆ ಕವರಿನ ಎರಡೂ ಕಿವಿಗಳನ್ನು ಹುರಿಮಾಡಿ, ಕತ್ತಿಗೆ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸುತ್ತಿದ್ದರು. ಆ ಗಂಟು ನಮ್ಮ ಬೀದಿಯಲ್ಲಿ ಇನ್ನಾರೂ ಹಾಕುತ್ತಿರಲಿಲ್ಲ. ಗುಡ್ಡೆಯಲ್ಲಿ ಎಲ್ಲಿ ನೋಡಿದರೂ ಅದೇ ಗಂಟು. ಮೋರಿ ಬಿಡಿಸುವವರಿಗೆ ಅದು ಯಾರ ಗಂಟೆಂದು ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅತ್ತೆ ಸೆರಗು ಎಳೆದುಕೊಂಡು ಒಳಗೆ ಬಂದು ಒಲೆಯ ಮುಂದೆ ಕೂತರು. ಮುಖ ಕೆಂಪಗಾಗಿತ್ತು.

ಅವತ್ತೇ ಅವರು ಮೊಳೆಯಲ್ಲಿದ್ದ ಕವರನ್ನು ಇಳಿಸಿ ಹಳೇ ಸಾಮಾನಿನವನಿಗೆ ಕೊಟ್ಟರು. ಇನ್ನು ಈ ಮನೆಯ ಹೊಸ್ತಿಲನ್ನು ಒಂದೇ ಒಂದು ಕವರು ದಾಟಿದರೆ ತಾನು ಸುಗುಣಮ್ಮನೇ ಅಲ್ಲವೆಂದರು. ಮಾವನ ಹಳೆಯ ಪ್ಯಾಂಟು ಹರಿದು ಹೊಲಿದ ಚೀಲವೊಂದು ಮೊಳೆಗೆ ಬಂತು. ಮೊಸರಿಗೆ ತೂಗುಪಾತ್ರೆ, ಮಾಂಸಕ್ಕೆ ಸ್ಟೀಲ್ ಡಬ್ಬಿ, ಹೂವಿಗೆ ಬಾಳೆಲೆ. ಒಂದು ಸಂಜೆ ನನ್ನ ಯಜಮಾನರು ಬಿಸಿ ಬಜ್ಜಿಯನ್ನು ಕವರಿನಲ್ಲಿ ತಂದು, ಹೊಸ್ತಿಲ ಆಚೆಯೇ ನಿಂತು ತಿಂದು ಮುಗಿಸಿ ಒಳಗೆ ಬರಬೇಕಾಯಿತು. ನಿಮ್ಮತ್ತೆ ಮನೆಬಾಗಿಲಿಗೆ ಚೆಕ್‌ಪೋಸ್ಟ್ ಹಾಕಿದ್ದಾಳೆ ಕಣಮ್ಮ ಎಂದು ಮಾವ ನನಗೆ ಪಿಸುಗುಟ್ಟಿದರು. ನಾವು ನಗುತ್ತಿದ್ದೆವು. ಆದರೆ ಅತ್ತೆಗೆ ನಿಜವಾಗಿಯೂ ನಾಚಿಕೆಯಾಗಿತ್ತು, ಆ ನಾಚಿಕೆಯಿಂದ ಒಂದು ಒಳ್ಳೆಯ ಕೆಲಸ ಹುಟ್ಟಿತ್ತು. ಅಲ್ಲಿಗೇ ನಿಂತಿದ್ದರೆ ನನಗೆ ಈ ಕತೆ ಹೇಳುವ ಕೆಲಸವೂ ಇರುತ್ತಿರಲಿಲ್ಲ.

ಕೆಲವು ದಿನ ಕಳೆದ ಮೇಲೆ, ಕುಮುದ ಶಿಶುವಿಹಾರಕ್ಕೆ ಹೋದ ಹೊತ್ತಿನಲ್ಲಿ, ಅತ್ತೆ ನನ್ನನ್ನು ಕರೆದು ಏಣಿ ಹಿಡಿದುಕೊಳ್ಳಲು ಹೇಳಿ ಅಟ್ಟ ಹತ್ತಿದರು. ಎರಡು ಮೂಟೆ ಕೆಳಗೆ ಬಿದ್ದವು. ಬಿಚ್ಚಿದರೆ ಒಳಗೆ ಬಟ್ಟೆಯ ಕೈಚೀಲಗಳು, ಹೊಸವು, ಗಂಜಿಯ ಗಟ್ಟಿತನವೂ ಹೋಗಿರಲಿಲ್ಲ. ಮದುವೆಗೆ ಬಂದವರಿಗೆ ತೆಂಗಿನಕಾಯಿ, ಎಲೆ, ಅಡಿಕೆ ಹಾಕಿ ಕೊಡುವ ತಾಂಬೂಲದ ಚೀಲಗಳು. ಒಂದು ಮಗ್ಗುಲಿನಲ್ಲಿ ಕುಂಕುಮದ ಬಣ್ಣದಲ್ಲಿ ಗಣಪತಿ, ಅದರ ಕೆಳಗೆ ಶುಭವಿವಾಹ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಹೆಸರು: ಕುಮುದ, ದಿವಾಕರ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು. ಚಪ್ಪರ ಹಾಕಿಯಾಗಿತ್ತು, ಬಳೆ ತೊಡಿಸಿಯಾಗಿತ್ತು. ಅಷ್ಟರಲ್ಲಿ ಗಂಡಿನ ಕಡೆಯವರು, ಹುಡುಗ ಒಪ್ಪುತ್ತಿಲ್ಲ ಎಂದು ಹೇಳಿಕಳಿಸಿದರು. ಯಾಕೆಂದು ಅವರು ಹೇಳಲಿಲ್ಲ. ಹೇಳದೆ ಹೋದದ್ದನ್ನು ಊರಿನವರು ತಮತಮಗೆ ತೋಚಿದ ಹಾಗೆ ತುಂಬಿಕೊಂಡರು. ಹುಡುಗಿಗೆ ಕಾಯಿಲೆ ಎಂದರು, ಹುಡುಗಿಗೆ ಯಾರೋ ಇದ್ದರು ಎಂದರು. ಅತ್ತೆ ಇದನ್ನೆಲ್ಲ ಹೇಳುವಾಗ ಚೀಲದ ಧೂಳು ಕೊಡವುತ್ತಲೇ ಇದ್ದರು. ಈ ಚೀಲಗಳನ್ನು ಸುಡುವ ಹಾಗಿಲ್ಲ, ಮೇಲೆ ದೇವರಿದ್ದಾನೆ, ಮಗಳ ಹೆಸರಿದೆ. ನೆಲ ಒರೆಸುವ ಹಾಗಿಲ್ಲ, ಮಗಳ ಹೆಸರು ತುಳಿದ ಹಾಗಾಗುತ್ತದೆ. ಬಿಸಾಡಿದರೆ ನಾಲ್ಕು ಜನ ಎತ್ತಿ ನೋಡುತ್ತಾರೆ. ಹಾಗಾಗಿ ಅಟ್ಟದಲ್ಲಿದ್ದವು. ಈಗ ಇವನ್ನು ತಿರುವಿ, ಹೆಸರಿನ ಮಗ್ಗುಲನ್ನು ಒಳಗೆ ಮಾಡಿ, ಕೈಹಿಡಿಯನ್ನು ಬಿಚ್ಚಿ ಹೊರಗಡೆಗೆ ಹೊಲಿದು, ಬೀದಿಯ ಮನೆಮನೆಗೂ ಹಂಚಿಬಿಡುವುದು. ಮೋರಿಯೂ ಉಳಿಯಿತು, ಅಟ್ಟವೂ ಖಾಲಿಯಾಯಿತು.

ನನಗೆ ಅದು ಬುದ್ಧಿವಂತಿಕೆಯೆಂದೇ ಕಂಡಿತು. ಕುಮುದ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಅತ್ತೆ ಮೆಷಿನ್ ತುಳಿದರು, ನಾನು ದಾರ ಕತ್ತರಿಸಿದೆ. ಆಕೆ ಬರುವ ವೇಳೆಗೆ ಎಲ್ಲ ಗಂಟು ಕಟ್ಟಿ ಮಂಚದ ಕೆಳಗೆ. ತಿರುವಿದ ಚೀಲಗಳು ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಹೊಲಿಗೆಯ ಅಂಚು ಹೊರಗೆ ಬಂದು ನೂಲು ನೇತಾಡುತ್ತಿತ್ತು. ಆದರೂ ಗಟ್ಟಿಮುಟ್ಟಾಗಿದ್ದವು. ಒಂದನ್ನೂ ಅತ್ತೆ ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ.

ಬೀದಿಯಲ್ಲಿ ಅತ್ತೆಗೆ ಹೆಸರು ಬಂತು. ಪಕ್ಕದ ಮನೆಯ ಚೆನ್ನಾಜಮ್ಮ, ಒಬ್ಬರನ್ನು ಹೊಗಳಿದರೆ ಹಲ್ಲು ನೋಯುತ್ತದೆ ಎನ್ನುವ ಮುದುಕಿ, ಅವರೂ ಕಾಂಪೌಂಡಿನ ಆಚೆಯಿಂದ ಶಹಬ್ಬಾಸ್ ಹೇಳಿದರು. ಮಹಿಳಾ ಸಮಾಜದವರು ಮನೆಗೇ ಬಂದು, ಸಭೆಯಲ್ಲಿ ನಾಲ್ಕು ಮಾತಾಡಬೇಕೆಂದು ಕೇಳಿಹೋದರು. ಅತ್ತೆ ಬೇಡ ಬೇಡವೆನ್ನುತ್ತಲೇ ಯಾವ ಸೀರೆ ಉಡುವುದೆಂದು ನನ್ನನ್ನು ಕೇಳಿದರು. ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಒಂದು ಬೆಳಿಗ್ಗೆ ಕುಮುದ ಹಿತ್ತಿಲ ಕಡೆ ಹೋಗದೆ, ಮುಂಬಾಗಿಲಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಮೆಟ್ಟಿ, ಗೇಟು ತೆಗೆದು, ಮಾರ್ಕೆಟ್ ರಸ್ತೆಯ ಕಡೆಗೆ ತಿರುಗಿದಳು. ನಾನು ರಂಗೋಲಿ ಹಾಕುತ್ತಿದ್ದವಳು ಕೈ ನಿಲ್ಲಿಸಿ ನೋಡಿದೆ. ಮಾರನೆಯ ದಿನವೂ ಹಾಗೆಯೇ. ಆಕೆಯ ಕುತ್ತಿಗೆ ನೆಟ್ಟಗಾಗಿತ್ತು. ಸಂಜೆ ಬಂದು ನನ್ನ ಜೊತೆ ಮಾರ್ಕೆಟ್ಟಿನ ಸುದ್ದಿ ಹೇಳತೊಡಗಿದಳು, ಸೊಪ್ಪಿನವಳು ಮೊಮ್ಮಗಳಿಗೆ ನಾಮಕರಣ ಮಾಡಿದಳಂತೆ, ಹೂವಿನ ಅಂಗಡಿಗೆ ಹೊಸ ಬಣ್ಣ ಹೊಡೆದಿದ್ದಾರಂತೆ. ಅತ್ತೆ ಇದನ್ನು ಕೇಳಿಯೂ ಕೇಳದವರ ಹಾಗೆ ಅಕ್ಕಿ ಆರಿಸುತ್ತಿದ್ದರು. ಒಮ್ಮೆ ನನ್ನೊಬ್ಬಳಿಗೇ ಕೇಳುವಂತೆ, ಹುಡುಗಿ ಈಗ ಸ್ವಲ್ಪ ಮನುಷ್ಯಳಾದಳು, ದೇವರು ಹೀಗೇ ಇಟ್ಟಿರಲಿ ಎಂದರು. ಕಾರಣ ಏನೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಮಾವನಿಗೆ ಗೊತ್ತಿತ್ತೋ ಏನೋ. ಕುಮುದಳನ್ನು ಬಿಟ್ಟರೆ ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದವರು ಅವರೊಬ್ಬರೇ.

ಒಂದು ಮಧ್ಯಾಹ್ನ ಹಪ್ಪಳ ಒಣಹಾಕಲು ನಾನೂ ಅತ್ತೆಯೂ ಮಾಳಿಗೆ ಹತ್ತಿದೆವು. ಅತ್ತೆಯ ಕೈಯಲ್ಲಿದ್ದ ಹಪ್ಪಳ ಜಾರಿ ಬಿತ್ತು. ಎದುರು ಮನೆಯ ಮಾಳಿಗೆಯ ಹಗ್ಗದಲ್ಲಿ ಎರಡು ಚೀಲ ಒಣಗುತ್ತಿದ್ದವು, ಕುಮುದ ದಿವಾಕರ, ಕುಮುದ ದಿವಾಕರ. ಅದರಾಚೆಯ ಮಾಳಿಗೆಯಲ್ಲಿ ಇನ್ನೊಂದು. ಚೆನ್ನಾಜಮ್ಮನ ಹಿತ್ತಿಲ ತಂತಿಯ ಮೇಲೆ ಮತ್ತೊಂದು. ಬಟ್ಟೆ ಒಗೆದರೆ ಬಣ್ಣ ಹೋಗದಿರಲೆಂದು ಒಳಮೈ ಹೊರಗೆ ಮಾಡಿ ಒಣಹಾಕುವುದು ಎಲ್ಲ ಮನೆಯ ರೂಢಿ. ನಾವಿಬ್ಬರೂ ದಿನಾ ಮಾಡುತ್ತಿದ್ದ ಕೆಲಸ. ಆಲೂಗಡ್ಡೆಯ ಮಣ್ಣು ಕೂತ ಚೀಲವನ್ನು ಜನ ಒಗೆದಿದ್ದರು, ತಿರುವಿ ಒಣಹಾಕಿದ್ದರು, ನೂಲಿಲ್ಲದ ಮಗ್ಗುಲು ಚೆನ್ನಾಗಿದೆಯೆಂದು ಹಾಗೆಯೇ ಹಿಡಿದು ಓಡಾಡಿದ್ದರು. ಅಷ್ಟೇ ಆಗಿದ್ದದ್ದು. ಅಷ್ಟೊಂದು ಹೊಲಿದ ನಮಗೆ ಇಷ್ಟು ಹೊಳೆದಿರಲಿಲ್ಲ.

ಅತ್ತೆ ಅಲ್ಲೇ ಬಿಸಿ ನೆಲದ ಮೇಲೆ ಕೂತುಬಿಟ್ಟರು. "ಅವಳು ನೋಡೋಕೆ ಮುಂಚೆ," ಎಂದರು. ಮತ್ತೆ ಮತ್ತೆ ಅದನ್ನೇ ಹೇಳಿದರು. ಮಾರ್ಕೆಟ್ ರಸ್ತೆಯಲ್ಲಿ ಈಗ ತಾನೇ ತಲೆಯೆತ್ತಿ ಓಡಾಡಲು ಶುರುಮಾಡಿದ ಹುಡುಗಿ. ಊರವರ ತೋಳಿನಲ್ಲಿ ತನ್ನ ಹೆಸರು ಆ ಹೆಸರಿನ ಪಕ್ಕದಲ್ಲಿ ನೇತಾಡುವುದನ್ನು ಕಂಡರೆ ಮತ್ತೆ ಆಚೆ ಕಾಲಿಟ್ಟಾಳೆಯೇ?

ಚೀಲಗಳನ್ನು ವಾಪಸು ತರಬೇಕಿತ್ತು. ಕೊಟ್ಟದ್ದನ್ನು ಕೇಳುವುದೇ ಹೀನ, ಅದರಲ್ಲೂ ಬರಿಗೈಯಲ್ಲಿ ಕೇಳುವ ಹಾಗಿಲ್ಲ. ಹೊಸ ಬಟ್ಟೆ ತಂದು ಹೊಲಿದು ಬದಲಿಗೆ ಕೊಡಲು ವಾರಗಟ್ಟಲೆ ಬೇಕು. ಆಗ ಅತ್ತೆ ಮಾಡಿದ್ದನ್ನು ನಾನು ನೋಡದಿದ್ದರೆ ನಂಬುತ್ತಿರಲಿಲ್ಲ. ಮೂಲೆಯ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಕವರಿನ ಒಂದು ದಪ್ಪ ಕಟ್ಟು ಕೊಂಡುಕೊಂಡು, ಕದ್ದ ಮಾಲಿನ ಹಾಗೆ ಸೆರಗಿನೊಳಗೆ ಇಟ್ಟುಕೊಂಡು ಬಂದರು. ನಾನು ಜೊತೆಗೆ ನಡೆದೆ. ಮನೆಮನೆಯ ಬಾಗಿಲಲ್ಲಿ ನಿಂತು ಅತ್ತೆ ಚೀಲ ಕೇಳಿದರು, ಹೊಲಿಗೆಯಲ್ಲಿ ತಪ್ಪಾಗಿದೆ, ಸರಿಮಾಡಿ ಕೊಡುತ್ತೇನೆ, ಅಲ್ಲಿಯವರೆಗೆ ಇದನ್ನು ಇಟ್ಟುಕೊಳ್ಳಿ ಎಂದು ಕವರು ನೀಡಿದರು. ಒಬ್ಬಾಕೆ ಕವರನ್ನೂ ಅತ್ತೆಯ ಮುಖವನ್ನೂ ಒಂದಾದಮೇಲೊಂದು ನೋಡಿ ಬಾಯಿಗೆ ಸೆರಗು ಹಿಡಿದಳು. ಇನ್ನೊಬ್ಬಾಕೆ, ಏನ್ರೀ ಸುಗುಣಮ್ಮನವರೇ, ಮೋರಿ ಈಗ ಕಟ್ಟಿಕೊಳ್ಳೋದಿಲ್ವಾ ಎಂದು ಕೇಳಿಯೇ ಬಿಟ್ಟಳು. ಅತ್ತೆ ತಲೆ ತಗ್ಗಿಸಿ ಚೀಲ ಮಡಿಸಿಕೊಂಡರು. ಯಾರ ಮಾತಿಗೂ ಎದುರಾಡದೆ ಬಿಡದವರು ಅಂದು ಎಲ್ಲವನ್ನೂ ನುಂಗಿಕೊಂಡರು. ನನಗೆ ಅವರ ಪಕ್ಕದಲ್ಲಿ ನಿಲ್ಲಲು ನಾಚಿಕೆಯಾಯಿತು, ಹಾಗೆ ನಾಚಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಚೆನ್ನಾಜಮ್ಮ ಮಾತ್ರ ಚೀಲವನ್ನು ಕೂಡಲೇ ಕೊಡಲಿಲ್ಲ. ಜಗುಲಿಯ ಮೇಲೆ ಕೂತು ಅದನ್ನು ಮೊಣಕಾಲ ಮೇಲೆ ಹರಡಿ, ಹೆಸರಿನ ಮೇಲೆ ಕೈಯಾಡಿಸಿದರು.

"ಹೊಲಿಗೆ ಚೆನ್ನಾಗೇ ಇದೆಯಲ್ಲೇ ಸುಗುಣಿ. ನಾನು, ಪರವಾಗಿಲ್ಲ ಇವಳು ಗಟ್ಟಿಗಿತ್ತಿ, ಮಗಳ ಹೆಸರನ್ನ ಮುಚ್ಚಿಡದೆ ಆಚೆ ತಂದಳು ಅಂದ್ಕೊಂಡಿದ್ದೆ."

ಅತ್ತೆ ಚೀಲಕ್ಕಾಗಿ ಕೈ ಚಾಚಿಕೊಂಡೇ ನಿಂತರು. ಚೆನ್ನಾಜಮ್ಮ ಕೊಟ್ಟರು, ಕವರನ್ನು ಮಾತ್ರ ಮುಟ್ಟಲಿಲ್ಲ.

ಬೀದಿಯ ತಿರುವಿಗೆ ಬಂದೆವು. ನನ್ನ ಎರಡೂ ತೋಳುಗಳ ತುಂಬ ಮಡಿಸಿದ ಚೀಲಗಳು, ಅತ್ತೆಯ ಕೈಯಲ್ಲಿ ಉಳಿದ ಕವರು. ಮಾರ್ಕೆಟ್ ರಸ್ತೆಯ ಕಡೆಯಿಂದ ಕುಮುದ ಬರುತ್ತಿದ್ದಳು. ಬಿಸಿಲಿಗೆ ಮುಖ ಬೆವರಿತ್ತು. ಬಲಗೈಯಲ್ಲಿ ಬದನೆಕಾಯಿ, ಕೊತ್ತಂಬರಿ ತುಂಬಿದ ಒಂದು ಚೀಲ ಹಿಡಿದಿದ್ದಳು. ಹೆಸರಿನ ಮಗ್ಗುಲು ನಮ್ಮ ಕಡೆಗೇ ಇತ್ತು. ಆಕೆ ನಗುತ್ತ ಬಂದವಳು ನನ್ನ ತೋಳನ್ನು ನೋಡಿದಳು, ಆಮೇಲೆ ಅತ್ತೆಯ ಕೈ ನೋಡಿದಳು.

"ಇದೇನಮ್ಮ ಇದು, ಕವರು?"

ಅತ್ತೆಗೆ ಮುಚ್ಚಿಡಲು ಜಾಗವೇ ಉಳಿದಿರಲಿಲ್ಲ. "ನಿನ್ನ ಹೆಸರು ಊರೆಲ್ಲ ಓಡಾಡ್ತಿದೆ ಕಣೆ. ನಾನು ತಿರುವಿ, ಒಳಗೆ ಮಾಡೇ ಹೊಲಿದಿದ್ದೆ. ದೇವರಾಣೆಗೂ ಒಳಗೆ ಮಾಡಿದ್ದೆ. ಈ ಜನ ಒಗೆದು ಆಚೆ ಮಾಡ್ಕೊಂಡುಬಿಟ್ರು. ಎಲ್ಲ ವಾಪಸ್ ತಗೋತಾ ಇದೀನಿ, ನೀನು ಹೆದರಬೇಡ."

ಕುಮುದ ತನ್ನ ಕೈಯ ಚೀಲವನ್ನೊಮ್ಮೆ ನೋಡಿಕೊಂಡಳು. "ನೀನು ಒಳಗೆ ಮಾಡಿ ಹೊಲಿದಿದ್ದೆಯಾ?" ಎಂದಳು. ಆಕೆಗೆ ಬೇರೇನೂ ಕೇಳಿಸಿರಲಿಲ್ಲ.

ಆಮೇಲೆ ಬಹಳ ಮೆಲ್ಲಗೆ ಹೇಳಿದಳು, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ. ಮೊದಲನೇ ಸಲ ಶಿಶುವಿಹಾರದಲ್ಲಿ ಒಂದು ಮಗುವಿನ ತಾಯಿ ಈ ಚೀಲ ಹಿಡಿದು ಬಂದಾಗ ತನಗೆ ಒಳಗೋಡಿ ಅಡಗಿಕೊಳ್ಳಬೇಕು ಅನ್ನಿಸಿತಂತೆ. ಎಲ್ಲಿಂದ ಬಂತು ಎಂದು ಕೇಳಿದರೆ, ನಿಮ್ಮ ತಾಯಿಯೇ ಕೊಟ್ಟರು ಎಂದಳಂತೆ ಆಕೆ. ತಾನು ಆವತ್ತು ಮಕ್ಕಳೆಲ್ಲ ಹೋದಮೇಲೆ ಬಾಗಿಲು ಹಾಕಿಕೊಂಡು ಅತ್ತಳಂತೆ, ಸಂತೋಷಕ್ಕೆ. ಮಾರನೆಯ ದಿನದಿಂದ ಮಾರ್ಕೆಟ್ ರಸ್ತೆ ಹಿಡಿದಳು.

"ನಮ್ಮಮ್ಮ ನನ್ನ ಹೆಸರನ್ನ ತಾನೇ ಕೈಯಾರೆ ಊರಿಗೆ ಹಂಚಿದಾಳೆ, ಇನ್ನು ಅವಳಿಗೆ ನನ್ನಿಂದ ನಾಚಿಕೆ ಇಲ್ಲ ಅಂದ್ಕೊಂಡಿದ್ದೆ," ಎಂದಳು. "ಇವತ್ತು ಇದನ್ನ ಅವರ ಹತ್ರ ಕೇಳಿ ಈಸ್ಕೊಂಡು ಬಂದೆ. ನಿನಗೆ ತೋರಿಸೋಣ ಅಂತ."

ಅತ್ತೆಯ ಕೈಯಿಂದ ಆಕೆ ಒಂದು ಕವರು ಎಳೆದುಕೊಂಡಳು. ರಸ್ತೆಯ ಮೇಲೆಯೇ ಕುಕ್ಕರುಗಾಲಲ್ಲಿ ಕೂತು, ಬದನೆಕಾಯಿಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು ಕವರಿಗೆ ಹಾಕಿದಳು, ಕೊತ್ತಂಬರಿ ಕಟ್ಟನ್ನು ಮೇಲಿಟ್ಟಳು. ಖಾಲಿ ಚೀಲವನ್ನು ಕೊಡವಿ, ತಿರುವಿ, ಹೆಸರನ್ನು ಒಳಗೆ ಮಾಡಿ, ನೀಟಾಗಿ ಮಡಿಸಿ ಅತ್ತೆಯ ಕೈಗಿಟ್ಟಳು.

"ತಗೋ. ಇದೊಂದು ಉಳಿದಿತ್ತು."

ನಮ್ಮನ್ನು ದಾಟಿ, ಬೀದಿಯ ಕಡೆ ಬಾರದೆ, ಮೋರಿಯ ಓಣಿಗೆ ಇಳಿದು ಹೋದಳು. ಅತ್ತೆ ಅಲ್ಲಿಂದ ಕದಲಲಿಲ್ಲ. ಕರೆದರೆ ಕೇಳಿಸದಷ್ಟು ದೂರವೇನೂ ಆಗಿರಲಿಲ್ಲ, ಆದರೂ ಕರೆಯಲಿಲ್ಲ.

ಮನೆಗೆ ಬಂದಾಗ ಮೊಳೆಯಲ್ಲಿ ಆ ಕವರು ತೂಗುತ್ತಿತ್ತು, ಬದನೆಕಾಯಿಯ ಭಾರಕ್ಕೆ ಕಿವಿ ಹಿಗ್ಗಿಸಿಕೊಂಡು. ಹೊಸ್ತಿಲು ದಾಟಿ ಬಂದಿತ್ತು. ಅತ್ತೆ ಅದನ್ನು ನೋಡಿದರು, ಇಳಿಸಲಿಲ್ಲ. ರಾತ್ರಿ ಅದೇ ಬದನೆಕಾಯಿಯ ಎಣ್ಣೆಗಾಯಿ ಮಾಡಿದೆ, ತಾಯಿ ಮಗಳು ಇಬ್ಬರೂ ಮುಟ್ಟಲಿಲ್ಲ. ಮಾವ ಊಟಕ್ಕೆ ಕೂತವರು ನನ್ನಿಂದ ಎಲ್ಲ ಕೇಳಿ, ನಾನೂ ಮಾರ್ಕೆಟ್ಟಿನಲ್ಲಿ ಆ ಚೀಲಗಳನ್ನು ನೋಡಿದ್ದೆ ಎಂದರು. ಮತ್ಯಾಕೆ ಹೇಳಲಿಲ್ಲ ಎಂದು ಅತ್ತೆ ಕೇಳಿದ್ದಕ್ಕೆ ತಟ್ಟೆಯಿಂದ ತಲೆಯೆತ್ತದೆ, ಚೆನ್ನಾಗಿ ಕಾಣ್ತಿತ್ತು ಎಂದರು.

ಕುಮುದ ಮತ್ತೆ ಹಿತ್ತಿಲ ಬಾಗಿಲಿನಿಂದ ಹೋಗಿಬರತೊಡಗಿದಳು. ತಾಯಿಯ ಜೊತೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ವಾಸಿಯಿತ್ತು. ಉಪ್ಪು ಬೇಕೆ, ಸಾಕು ಎನ್ನುವಷ್ಟು ಮಾತಾಡುತ್ತಿದ್ದಳು. ನೆಂಟರು ಬಂದರೆ ಅತ್ತೆ ಸನ್ನೆ ಮಾಡುವ ಮೊದಲೇ ಎದ್ದು ಒಳಗೆ ಹೋಗುತ್ತಿದ್ದಳು. ಅವಳು ಹಾಗೆ ಎದ್ದಾಗಲೆಲ್ಲ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ನಮ್ಮ ಕಡೆ ತಾಯಂದಿರು ಮಕ್ಕಳಲ್ಲಿ ಕ್ಷಮೆ ಕೇಳುವ ಪದ್ಧತಿಯಿಲ್ಲ. ಹೇಗೆ ಕೇಳುವುದೆಂದು ಅತ್ತೆಗೆ ಯಾರೂ ಕಲಿಸಿರಲಿಲ್ಲ.

ಮಹಿಳಾ ಸಮಾಜದ ಸಭೆಗೆ ಅವರು ಹೋಗಲಿಲ್ಲ. ಸಭೆಯ ದಿನವೇ, ಊಟದ ನಂತರ, ಚೀಲಗಳನ್ನೆಲ್ಲ ಜಗುಲಿಯ ಮೇಲೆ ಹರಡಿಕೊಂಡು ಒಂದೊಂದನ್ನೂ ಹೆಸರಿನ ಮಗ್ಗುಲಿಗೆ ತಿರುವಿದರು. ಕೈಹಿಡಿಯನ್ನು ಬಿಚ್ಚಿ ಮತ್ತೆ ಮೊದಲಿನ ಜಾಗಕ್ಕೆ ಹೊಲಿದರು. ಈ ಸಲ ಮುಂಬಾಗಿಲು ತೆರೆದಿಟ್ಟುಕೊಂಡೇ ಮೆಷಿನ್ ತುಳಿದರು, ದಾರಿಹೋಕರು ನೋಡುತ್ತ ಹೋದರು. ನಾನು ಜೊತೆಗೆ ಹೊರಟರೆ ಬೇಡವೆಂದು ಕೈ ಅಡ್ಡ ಮಾಡಿದರು. ಒಬ್ಬರೇ ಹೋದರು, ಅದೇ ಬೀದಿ, ಅದೇ ಬಾಗಿಲುಗಳು. ಚೀಲ ಕೊಟ್ಟು, ಹಿಂದೆ ಕೊಟ್ಟಿದ್ದ ಕವರನ್ನು ವಾಪಸು ಕೇಳಿ ಈಸಿಕೊಂಡರಂತೆ. ಸುಗುಣಮ್ಮನಿಗೆ ತಲೆ ಕೆಟ್ಟಿದೆ ಎಂದು ಬೀದಿಯಲ್ಲಿ ಮಾತಾಯಿತು. ಚೆನ್ನಾಜಮ್ಮನ ಜಗುಲಿಯಲ್ಲಿ ಅವರು ಹೇಳಿದ್ದು ಕಾಂಪೌಂಡಿನ ಈಚೆಗೆ ನನಗೆ ಕೇಳಿಸಿತು.

"ಇದು ನನ್ನ ಮಗಳ ಮದುವೆ ಚೀಲ. ಆಗದೆಹೋದ ಮದುವೇದು. ತಪ್ಪು ಅವಳದೇನೂ ಇರಲಿಲ್ಲ. ಇಟ್ಕೋ ಚೆನ್ನಾಜಮ್ಮ, ಗಟ್ಟಿಯಾಗಿದೆ."

ನಾನು ತಿರುಗಿದೆ. ಹಿತ್ತಿಲ ಬಾಗಿಲಲ್ಲಿ ಕುಮುದ ನಿಂತಿದ್ದಳು, ಆಗ ತಾನೇ ಓಣಿಯಿಂದ ಬಂದಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಕೆಸರು ಮೆತ್ತಿದ ಚಪ್ಪಲಿಯನ್ನು ನಲ್ಲಿಯ ಕೆಳಗೆ ಹಿಡಿದು ಬಹಳ ಹೊತ್ತು ತೊಳೆದಳು. ಆಮೇಲೆ ಅದನ್ನು ಒಳಗಿನಿಂದ ಹಾಯಿಸಿ ತಂದು ಮುಂಬಾಗಿಲ ಮೆಟ್ಟಿಲ ಮೇಲೆ ಒಣಗಲು ಇಟ್ಟಳು.

ಅದಾಗಿ ಎಷ್ಟೋ ಮಳೆಗಾಲ ಕಳೆದವು. ಆ ಶಿಶುವಿಹಾರ ಈಗ ಕುಮುದಳ ಕೈಯಲ್ಲೇ ನಡೆಯುತ್ತಿದೆ. ಆಕೆ ಅದರ ಪಕ್ಕದಲ್ಲೇ ಮನೆ ಮಾಡಿಕೊಂಡು ತನಗೆ ಬೇಕಾದ ಹಾಗೆ ಇದ್ದಾಳೆ. ಅತ್ತೆ ಈಗಿಲ್ಲ. ಕುಮುದ ಅಂದು ರಸ್ತೆಯಲ್ಲಿ ಮಡಿಸಿ ಕೈಗಿಟ್ಟ ಚೀಲವನ್ನು ಅವರು ಯಾರಿಗೂ ಕೊಡದೆ ಮೊಳೆಗೆ ಹಾಕಿಕೊಂಡಿದ್ದರು, ಕೊನೆಯವರೆಗೂ ಮಾರ್ಕೆಟ್ಟಿಗೆ ಅದನ್ನೇ ಹಿಡಿದು ಹೋದರು. ಮೊಳೆಯಿಂದ ತೆಗೆಯುವಾಗ ಅವರ ಕೈ ತಾನಾಗಿಯೇ ಹೆಸರಿನ ಮಗ್ಗುಲನ್ನು ಸೀರೆಯ ಕಡೆಗೆ ತಿರುಗಿಸಿಬಿಡುತ್ತಿತ್ತು. ಗೇಟಿನ ಹತ್ತಿರ ಹೋದಮೇಲೆ ಅದು ಅವರ ಗಮನಕ್ಕೆ ಬರುತ್ತಿತ್ತು. ನಿಂತು, ಚೀಲವನ್ನು ಆಚೆಗೆ ತಿರುಗಿಸಿಕೊಂಡು, ಆಮೇಲೆ ನಡೆಯುತ್ತಿದ್ದರು. ಅದು ಅವರಿಗೆ ಒಂದು ದಿನವೂ ಸಲೀಸಾಗಲಿಲ್ಲ. ಅವರಿಂದ ನನಗೂ ಅಂಟಿದೆ. ಇವತ್ತಿಗೂ ಆ ಚೀಲ ತೂಗುಹಾಕುವಾಗ ಹೆಸರು ಯಾವ ಕಡೆಗಿದೆಯೆಂದು ನೋಡದೆ ನನ್ನ ಕೈ ಅದನ್ನು ಬಿಡುವುದಿಲ್ಲ.

ಮೊನ್ನೆ ಕುಮುದ ಬಂದಿದ್ದಳು. ಅತ್ತಿಗೆ, ಸೊಪ್ಪು ತಂದುಕೊಡ್ತೀನಿ ಎಂದು ಆ ಚೀಲ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋಗಿಬಂದಳು. ಬಣ್ಣ ಮಾಸಿ ಗಣಪತಿಯೂ ಎರಡು ಹೆಸರೂ ತೆಳ್ಳಗಾಗಿವೆ, ಆದರೂ ಓದಬಹುದು. ಸೊಪ್ಪನ್ನು ಮೊರಕ್ಕೆ ಸುರಿದು, ಚೀಲವನ್ನು ಒಮ್ಮೆ ಕೊಡವಿ, ಶಿಶುವಿಹಾರದ ಯಾವುದೋ ಹುಡುಗನ ತುಂಟತನವನ್ನು ಹೇಳಿ ನಗುತ್ತಲೇ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದಳು. ಯಾವ ಮಗ್ಗುಲು ಹೊರಗಿದೆಯೆಂದು ಅವಳು ನೋಡಲಿಲ್ಲ.